ನಲವತ್ತಮೂರು ಸಲ ತೃಪ್ತಿಕರ

ಕಣ್ಣಿನ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ, ಶೌಚಾಲಯಕ್ಕೂ ಲಿಫ್ಟಿನ ಮೋಟರಿಗೂ ನಡುವೆ ಸಿಕ್ಕಿಹಾಕಿಕೊಂಡ ಒಂದು ಸಣ್ಣ ಕೋಣೆ ಇದೆ. ಬಾಗಿಲ ಮೇಲೆ ‘ಅಪ್ಪಣೆಯಿಲ್ಲದೆ ಪ್ರವೇಶವಿಲ್ಲ’ ಎಂಬ ಬೋರ್ಡು. ಬೋರ್ಡು ಇಲ್ಲದಿದ್ದರೂ ಆ ಚಳಿಗೆ, ಆ ಗುಂಯ್ ಎನ್ನುವ ಸದ್ದಿಗೆ ಯಾರೂ ಒಳಗೆ ಕಾಲಿಡುತ್ತಿರಲಿಲ್ಲ. ಹೊರಗೆ ಬಿಸಿಲು ನೆತ್ತಿ ಸುಡುತ್ತಿದ್ದರೂ ಒಳಗೆ ಸ್ವೆಟರ್ ಹಾಕಿಕೊಂಡು ಕೂತಿರುವ ಐವತ್ತೊಂದರ ಮನುಷ್ಯನೇ ನಮ್ಮ ಸರ್ವರಪ್ಪ. ಆಸ್ಪತ್ರೆಯ ಕಂಪ್ಯೂಟರುಗಳು ನೆಟ್ಟಗಿದ್ದಾಗ ಯಾರೂ ಅವನನ್ನು ನೆನೆಯುವುದಿಲ್ಲ. ಕೈಕೊಟ್ಟಾಗ ಅವನನ್ನಷ್ಟೇ ಅಲ್ಲ, ಹೆತ್ತವಳನ್ನೂ ಸೇರಿಸಿ ನೆನೆಯುತ್ತಾರೆ.

ಹೆತ್ತವಳ ವಿಷಯಕ್ಕೆ ಬರೋಣ. ಕಾಯಿಸಿದರೆ ಅವಳಿಗೆ ಸಿಟ್ಟು ಬರುತ್ತದೆ ನಿಜ, ಆದರೆ ಅದಕ್ಕೆ ಮೊದಲು ಅಣ್ಣತಮ್ಮಂದಿರ ಪರಿಚಯ ಆಗಬೇಕು.

ಅಣ್ಣ, ತಮ್ಮ ಅಂದರೆ ಎರಡು ಸರ್ವರ್ ಯಂತ್ರಗಳು. ಒಂದರ ನೆತ್ತಿಯ ಮೇಲೆ ಒಂದು ಕೂತಿರುವ, ಹಸಿರು ದೀಪ ಮಿಟುಕಿಸುವ ಕಪ್ಪು ಪೆಟ್ಟಿಗೆಗಳು. ಮೇಲಿನದಕ್ಕೆ ಸರ್ವರಪ್ಪ ಸ್ವಂತ ಕೈಯಿಂದ ‘ಅಣ್ಣ’ ಅಂತಲೂ ಕೆಳಗಿನದಕ್ಕೆ ‘ತಮ್ಮ’ ಅಂತಲೂ ಚೀಟಿ ಅಂಟಿಸಿದ್ದ. ಆಸ್ಪತ್ರೆಗೆ ಬಂದ ಪ್ರತಿಯೊಬ್ಬರ ಕಣ್ಣಿನ ಚಿತ್ರ, ಅಳತೆ, ನಂಬರು ಎಲ್ಲವೂ ಅಣ್ಣನ ಹೊಟ್ಟೆಯಲ್ಲಿ. ಅಣ್ಣನಿಗೆ ಸೇರಿದ್ದೆಲ್ಲ ಮರುಗಳಿಗೆಯಲ್ಲಿ ತಮ್ಮನಿಗೂ ನಕಲಾಗಬೇಕು. ತಮ್ಮ ಕ್ಷಣಕ್ಕೊಮ್ಮೆ ಅಣ್ಣನನ್ನು ‘ಇದ್ದೀಯಾ?’ ಎಂದು ಕೇಳುತ್ತಾನೆ, ಅಣ್ಣ ‘ಇದ್ದೀನಿ’ ಅನ್ನುತ್ತಾನೆ. ಒಂದಷ್ಟು ಸಲ ಉತ್ತರ ಬರದಿದ್ದರೆ ಅಣ್ಣ ಹೋದ ಎಂದು ತಿಳಿದು, ತಮ್ಮ ಅಣ್ಣನ ಹೆಸರು, ವಿಳಾಸ ಎರಡನ್ನೂ ತನ್ನದೆಂದು ಹೇಳಿಕೊಂಡು ಅಂಗಡಿ ತೆರೆದು ಕೂರುತ್ತಾನೆ. ಕೆಳಗೆ ಡಾಕ್ಟರುಗಳಿಗೆ ಪರದೆ ಒಮ್ಮೆ ತಡವರಿಸಿದ್ದು ಬಿಟ್ಟರೆ ಬೇರೇನೂ ತಿಳಿಯುವುದಿಲ್ಲ. ಇಂಥ ಜೋಡಿಗೆ ಕ್ಲಸ್ಟರ್ ಎನ್ನುತ್ತಾರೆ, ಅಣ್ಣನ ಕೆಲಸ ತಮ್ಮ ಎತ್ತಿಕೊಳ್ಳುವುದಕ್ಕೆ ಫೇಲ್‌ಓವರ್ ಎನ್ನುತ್ತಾರೆ. ಮನುಷ್ಯರ ಮನೆಗಳಲ್ಲಿ ಅಣ್ಣತಮ್ಮಂದಿರು ಇಷ್ಟು ನಯವಾಗಿ ನಡೆದುಕೊಂಡದ್ದನ್ನು ಯಾರೂ ಕಂಡಿಲ್ಲ.

ಇದನ್ನು ಕಟ್ಟಿ ನಿಲ್ಲಿಸಿದ ದಿನ ನಿರ್ದೇಶಕರು ತಾವೇ ಮೆಟ್ಟಿಲು ಹತ್ತಿ ನೋಡಲು ಬಂದಿದ್ದರು. ಸರ್ವರಪ್ಪ ಎದೆಯುಬ್ಬಿಸಿ ಅಣ್ಣನ ಪ್ಲಗ್ ಕಿತ್ತ. ತಮ್ಮ ಏಳಲಿಲ್ಲ. ಐದು ನಿಮಿಷ ಕಾದರೂ ಏಳಲಿಲ್ಲ. ಪರದೆಯ ಮೇಲೆ ‘ನಕಲು ಹಿಂದುಳಿದಿದೆ, ವಹಿಸಿಕೊಳ್ಳಲಾರೆ’ ಎಂಬ ಸಾಲು ಬಂತು. ಅಂದರೆ ತಮ್ಮ ಪ್ರಾಮಾಣಿಕ. ತನ್ನ ಹತ್ತಿರ ಇನ್ನೂ ಎಲ್ಲ ಬಂದು ಸೇರಿಲ್ಲ, ಇರುವುದನ್ನೇ ಪೂರ್ತಿ ಎಂದು ಹೇಗೆ ಹೇಳಲಿ ಎಂದು ಕೈಕಟ್ಟಿ ಕೂತಿದ್ದ. ಆದರೆ ನಿರ್ದೇಶಕರ ಮುಖ ಸುಟ್ಟ ಬದನೆಕಾಯಿಯಾಗಿತ್ತು. ಕೆಳಗಿನಿಂದ ನಾಲ್ವರು ಡಾಕ್ಟರುಗಳು ಒಟ್ಟಿಗೆ ಫೋನು ಮಾಡಿ ಬಯ್ಯುತ್ತಿದ್ದರು.

ಅವತ್ತು ಸಂಜೆ ಸರ್ವರಪ್ಪ ಮಾಡಿದ್ದು ಎರಡು ಕೆಲಸ. ಒಂದು, ತಮ್ಮನ ಸೆಟ್ಟಿಂಗಿನೊಳಗೆ ಹೋಗಿ ‘ನಕಲು ಹಿಂದುಳಿದಿದ್ದರೂ ಪರವಾಗಿಲ್ಲ, ವಹಿಸಿಕೋ’ ಎಂಬಲ್ಲಿ ಟಿಕ್ ಹಾಕಿದ. ಎರಡು, ಇನ್ನು ಜನ್ಮದಲ್ಲಿ ಈ ಪ್ಲಗ್ ಮುಟ್ಟುವುದಿಲ್ಲ ಎಂದು ತೀರ್ಮಾನಿಸಿದ. ಮೊದಲನೆಯದು ತಮ್ಮನಿಗೆ ಸುಳ್ಳು ಹೇಳಲು ಕಲಿಸಿದ ಹಾಗೆ. ಎರಡನೆಯದು ಆ ಸುಳ್ಳು ಎಂದೂ ಹೊರಬೀಳದ ಹಾಗೆ ನೋಡಿಕೊಳ್ಳಲು.

ಆದರೆ ಆಸ್ಪತ್ರೆಯ ನಿಯಮ ಬಿಡಬೇಕಲ್ಲ. ತಿಂಗಳಿಗೊಮ್ಮೆ ಪ್ಲಗ್ ಕಿತ್ತು ಪರೀಕ್ಷೆ ಮಾಡಿ ಫಾರಂ ತುಂಬಬೇಕು. ಬಾಗಿಲಲ್ಲೇ ‘ಇದು ಕಾಗದರಹಿತ ಆಸ್ಪತ್ರೆ’ ಎಂದು ಫಲಕ ತೂಗಿಹಾಕಿದ್ದ ಆ ಕಟ್ಟಡದಲ್ಲಿ ಉಳಿದುಕೊಂಡಿದ್ದ ಒಂದೇ ಕಾಗದ ಈ ಫಾರಮ್ಮು. ‘ಪರೀಕ್ಷೆ ನಡೆಸಿದವರು’ ಎಂಬಲ್ಲಿ ಸರ್ವರಪ್ಪನ ಸಹಿ. ‘ಫಲಿತಾಂಶ’ ಎಂಬಲ್ಲಿ ದುಂಡಗೆ ‘ತೃಪ್ತಿಕರ’. ‘ಸಾಕ್ಷಿ’ ಎಂಬಲ್ಲಿ ಸಹಿ ಹಾಕಲು ಒಬ್ಬರು ಬೇಕಿತ್ತು. ಪ್ರತಿ ತಿಂಗಳ ಒಂದನೇ ತಾರೀಕು ಸರ್ವರಪ್ಪ ಫಾರಂ ಮಡಿಸಿ ಜೇಬಿಗಿಟ್ಟುಕೊಂಡು ಕ್ಯಾಂಟೀನಿಗೆ ಇಳಿಯುತ್ತಿದ್ದ.

“ಏನ್ ಸರ್ ಇದು, ಪ್ರತಿ ತಿಂಗಳು?” ಎಂದು ಕ್ಯಾಂಟೀನಿನವನು ಕೈ ಒರೆಸಿಕೊಳ್ಳುತ್ತ ಕೇಳುತ್ತಿದ್ದ.

“ಅಣ್ಣ ಬಿದ್ದ, ತಮ್ಮ ಎದ್ದ ಅಂತ.”

“ಒಳ್ಳೇದೇ ಆಯ್ತಲ್ಲ ಬಿಡಿ. ಎಲ್ಲಿ ಹಾಕ್ಲಿ?”

ಹೀಗೆ ನಲವತ್ತಮೂರು ತಿಂಗಳು ಅಣ್ಣ ಬಿದ್ದ, ತಮ್ಮ ಎದ್ದ, ಇಬ್ಬರೂ ಕೂತ ಜಾಗದಿಂದ ಅಲುಗಾಡದೆ. ನಲವತ್ತಮೂರು ಫಾರಮ್ಮಿನ ಮೇಲೂ ಚಹಾದ ಲೋಟದ ದುಂಡನೆ ಗುರುತು ಬಿದ್ದಿತ್ತು. ಅಷ್ಟು ಕಾಗದಗಳಲ್ಲಿ ಸುಳ್ಳಲ್ಲದ್ದು ಅದೊಂದೇ.

ಕೆಲಸವಿಲ್ಲದೆ ಕೂತ ತಮ್ಮನ ಹೊಟ್ಟೆಯಲ್ಲಿ ಬೇಕಾದಷ್ಟು ಜಾಗವಿತ್ತು. ಮನೆಯಲ್ಲಿ ನೆಂಟರಿಗೆಂದು ಇಟ್ಟ ಕೋಣೆ ಇರುತ್ತದಲ್ಲ, ನೆಂಟರು ಬರುವುದು ವರ್ಷಕ್ಕೊಮ್ಮೆ, ಅಲ್ಲಿಯವರೆಗೆ ಮುರಿದ ಕುರ್ಚಿ, ಹಳೇ ಹಾಸಿಗೆ, ಮಕ್ಕಳ ಸೈಕಲ್ಲು ಎಲ್ಲ ಅಲ್ಲೇ ಹೋಗಿ ಬೀಳುತ್ತವೆ. ಹಾಗೆ ಸರ್ವರಪ್ಪ ತನ್ನ ಸ್ವಂತ ಸಾಮಾನನ್ನು ಸ್ವಲ್ಪ ಸ್ವಲ್ಪವಾಗಿ ತಮ್ಮನೊಳಗೆ ಸಾಗಿಸತೊಡಗಿದ. ಆ ಸಾಮಾನು ಅವನ ತಾಯಿಯದು. ಈಗ ಅವಳ ವಿಷಯಕ್ಕೆ ಬಂದೆವು.

ತಾಯಿ ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಆರನೇ ವಯಸ್ಸಿನಲ್ಲಿ ಯಾರೋ ಎಸೆದ ಕಲ್ಲು ತಗುಲಿ ಎಡಗಣ್ಣು ಹೋಗಿತ್ತು. ಉಳಿದ ಒಂದೇ ಕಣ್ಣಿನಲ್ಲಿ ಓದಿ, ಕೆಲಸ ಹಿಡಿದು, ಗಂಡನನ್ನು ಗದರಿಸಿ, ಮಗನನ್ನು ಸಾಕಿ, ಎಪ್ಪತ್ತನಾಲ್ಕು ತಲುಪಿದ್ದಳು. ಕಿವಿಗೆ ಬಿದ್ದ ನಂಬರನ್ನು ಅವಳು ಮರೆತದ್ದೇ ಇಲ್ಲ. ಸತ್ತುಹೋದ ಅಂಗಡಿಯವರ, ಮುಚ್ಚಿಹೋದ ಕಚೇರಿಗಳ ಫೋನ್ ನಂಬರುಗಳನ್ನು ಈಗಲೂ ಕೇಳಿದರೆ ಸಾಕು, ಕೇಳದಿದ್ದರೂ ಸಾಕು, ಗಡಗಡನೆ ಒಪ್ಪಿಸುತ್ತಿದ್ದಳು. ಎರಡು ವರ್ಷದಿಂದ ಆ ಒಂದು ಕಣ್ಣಿಗೂ ಪೊರೆ ಬಂದು ಓದುವುದು ನಿಂತಿತ್ತು. ಓದಿಲ್ಲದೆ ಅವಳಿಗೆ ಹೊತ್ತು ಹೋಗದು. ಅದಕ್ಕೇ ಮಗ ಎಲ್ಲೆಲ್ಲಿಂದಲೋ ಓದಿಸಿಟ್ಟ ಕಥೆಗಳು, ಹಳೆಯ ನಾಟಕಗಳು, ಉದ್ದುದ್ದ ಕಾದಂಬರಿಗಳು ಎಲ್ಲವನ್ನೂ ಧ್ವನಿಯಲ್ಲಿ ಹುಡುಕಿ ತಂದು ತಮ್ಮನೊಳಗೆ ‘ಅಮ್ಮನ ಕಥೆ’ ಎಂಬ ಫೋಲ್ಡರ್ ಮಾಡಿ ತುಂಬುತ್ತಿದ್ದ. ವಾರಕ್ಕೊಂದಿಷ್ಟು ಮನೆಗೆ ಒಯ್ದು ಕೇಳಿಸುತ್ತಿದ್ದ. ಅವಳು ಅರ್ಧ ಕೇಳಿ, “ಇವನ್ಗೆ ಓದೋಕೆ ಬರಲ್ಲ, ಬೇರೆ ಹಾಕು” ಅನ್ನುತ್ತಿದ್ದಳು. ಬೇರೆ ತರಬೇಕಾಗುತ್ತಿತ್ತು.

ಒಮ್ಮೆ ಅವಳಿಗೆ ತನ್ನ ಕೆಲಸವನ್ನು ವಿವರಿಸಲು ಹೋಗಿ ಸರ್ವರಪ್ಪ ಅಣ್ಣ, ತಮ್ಮ, ಫೇಲ್‌ಓವರ್ ಎಲ್ಲ ಹೇಳಿದ್ದ.

“ಇದೇನ್ ಹೊಸಾದು ಬಿಡು,” ಎಂದಳು ತಾಯಿ. “ಒಂದು ಲೈನು ಸತ್ತರೆ ನಾವು ಇನ್ನೊಂದು ಲೈನಿಗೆ ಹಾಕ್ತಿದ್ವಿ. ಹಾಕಿದ ಮೇಲೆ ಎರಡು ಮಾತು ಕೇಳ್ಬೇಕು. ಒಂದು, ಕೇಳಿಸ್ತಿದೆಯಾ? ಇನ್ನೊಂದು, ನಿಮಗೆ ಬೇಕಾದವರೇನಾ? ಸುಮಾರು ಜನ ಮೊದಲನೇದು ಕೇಳಿ ಎರಡನೇದು ಬಿಟ್ಬಿಡೋರು. ಮದುವೆ ಮಾತಾಡೋ ಮನೆಗೆ ಹೆಣದ ಪೆಟ್ಟಿಗೆ ಅಂಗಡಿ ಲೈನ್ ಸಿಕ್ಕಿ ಒದ್ದಾಡೋರು. ನೀನು ಎರಡನೇದು ಕೇಳ್ತೀಯಾ?”

“ಅದೆಲ್ಲ ತಾನಾಗೇ ಆಗುತ್ತಮ್ಮ.”

“ತಾನಾಗೇ ಆಗೋದಾದ್ರೆ ನಿನ್ನನ್ಯಾಕೆ ಇಟ್ಕೊಂಡಿದ್ದಾರೆ?”

ಸರ್ವರಪ್ಪ ಮಾತು ಬದಲಿಸಿದ.

ಆಪರೇಷನ್ ಅವನದೇ ಆಸ್ಪತ್ರೆಯಲ್ಲಿ ಎಂದು ನಿಶ್ಚಯವಾಯಿತು. ಪೊರೆ ತೆಗೆದು ಕಣ್ಣೊಳಗೆ ಹೊಸ ಲೆನ್ಸ್ ಕೂರಿಸಬೇಕು. ಆ ಲೆನ್ಸಿನ ನಂಬರು ಎಷ್ಟು ಎನ್ನುವುದನ್ನು ಕಣ್ಣಿನ ಅಳತೆ ತೆಗೆದು ಮೊದಲೇ ಲೆಕ್ಕ ಹಾಕಿಡುತ್ತಾರೆ. ತಿಂಗಳ ಹಿಂದೆ ಅಳತೆಗೆಂದು ಯಂತ್ರದ ಮುಂದೆ ಕೂರಿಸಿದಾಗ ತಾಯಿ ಬಾಯಿ ಮುಚ್ಚಲಿಲ್ಲ. ಗದ್ದ ಊರಿದ ಕಡೆಯಿಂದಲೇ ಅಳತೆಯವಳಿಂದ ಅವಳ ಗಂಡನ ಮನೆಯ ಸುದ್ದಿಯೆಲ್ಲ ಕೇಳಿ ತಿಳಿದುಕೊಂಡಳು. ಯಂತ್ರ ಗಲಿಬಿಲಿಗೊಂಡು ಇಪ್ಪತ್ತಮೂರು ಎಂದಿತು. ದೊಡ್ಡ ಡಾಕ್ಟರಮ್ಮ ಅದನ್ನು ನೋಡಿ ಇದು ಸರಿಯಿಲ್ಲ, ಇನ್ನೊಮ್ಮೆ ತೆಗೆಯಿರಿ ಎಂದರು. ಹತ್ತು ದಿನದ ಹಿಂದೆ ಮತ್ತೆ ಕೂರಿಸಿ, ಈ ಸಲ ಬಾಯಿಗೆ ಕರವಸ್ತ್ರ ಹಿಡಿಸಿ ಅಳತೆ ತೆಗೆದರು. ಹತ್ತೊಂಬತ್ತೂವರೆ. ತಾಯಿ ಕರವಸ್ತ್ರ ತೆಗೆದವಳೇ ನಂಬರು ಎಷ್ಟೆಂದು ಕೇಳಿ ತಿಳಿದುಕೊಂಡಳು. ಹಳೆಯದು, ಹೊಸದು ಎರಡೂ ಅವಳ ತಲೆಯಲ್ಲಿ ಹೋಗಿ ಕೂತವು.

ಇತ್ತ ಮೂರು ವಾರದ ಹಿಂದೆಯೇ ತಮ್ಮನ ಹೊಟ್ಟೆ ತುಂಬಿಹೋಗಿತ್ತು. ಕಡೆಯದಾಗಿ ಒಳಹೋದದ್ದು ಅರವತ್ತು ಗಂಟೆಯ ಒಂದು ಕಾದಂಬರಿ. ಅದರ ಮೇಲೆ ಸಾಸಿವೆಯಷ್ಟು ಜಾಗವೂ ಉಳಿಯಲಿಲ್ಲ. ಅಣ್ಣನಿಂದ ಬರಬೇಕಾದ ನಕಲು ಅಲ್ಲಿಗೆ ನಿಂತಿತು. ತಮ್ಮ ಸುಮ್ಮನಿರಲಿಲ್ಲ, ಪಾಪ. ‘ಜಾಗವಿಲ್ಲ, ನಕಲು ನಿಂತಿದೆ’ ಎಂದು ದಿನಕ್ಕೆ ನಲವತ್ತು ಮೇಲ್ ಕಳಿಸಿದ. ಆದರೆ ಇಂಥ ಗೋಳಿನ ಮೇಲ್‌ಗಳೆಲ್ಲ ನೇರವಾಗಿ ಒಂದು ಪ್ರತ್ಯೇಕ ಫೋಲ್ಡರಿಗೆ ಹೋಗಿ ಬೀಳುವಂತೆ ಸರ್ವರಪ್ಪ ಯಾವತ್ತೋ ಏರ್ಪಾಡು ಮಾಡಿದ್ದ. ಆ ಫೋಲ್ಡರಿನ ಹೆಸರು ‘ಆಮೇಲೆ ನೋಡೋಣ’.

ತಾಯಿಯ ಆಪರೇಷನ್ ಗುರುವಾರ ಹನ್ನೊಂದೂವರೆಗೆ ಎಂದು ನಿಗದಿಯಾಯಿತು. ಬುಧವಾರ ಮಧ್ಯಾಹ್ನ ನಿರ್ದೇಶಕರು ಕರೆಸಿ, ನಾಳೆ ಹತ್ತು ಗಂಟೆಗೆ ತಪಾಸಣೆಯ ಮೇಡಂ ಬರುತ್ತಾರೆ, ಅವರು ಒಪ್ಪಿದರೆ ಆಸ್ಪತ್ರೆಗೆ ದೊಡ್ಡ ಪ್ರಮಾಣಪತ್ರ ಸಿಗುತ್ತದೆ ಎಂದರು.

“ಫಾರಂ ಎಲ್ಲಾ ಜೋಡಿಸಿ ಇಟ್ಟಿದ್ದೀನಿ ಸರ್.”

“ಫಾರಂ ನೋಡಿದ್ರು. ತುಂಬಾ ಮೆಚ್ಕೊಂಡ್ರು. ಆದ್ರೆ ಆ ಯಮ್ಮ ಓದಿದ್ದನ್ನ ನಂಬಲ್ವಂತೆ, ನೋಡಿದ್ದನ್ನ ಮಾತ್ರ ನಂಬ್ತಾರಂತೆ. ಕೆಲಸ ನಡೀತಿರೋ ಹೊತ್ತಲ್ಲೇ ಅವರ ಮುಂದೆ ಪ್ಲಗ್ ಕೀಳ್ಬೇಕು. ನಾನು ಹೇಳ್ದೆ, ಅದಕ್ಕೇನಂತೆ, ನಮ್ಮ ಸರ್ವರಪ್ಪ ನಲವತ್ತಮೂರು ಸಲ ಕಿತ್ತಿದ್ದಾನೆ ಅಂತ.”

ಸರ್ವರಪ್ಪನ ಬಾಯಿ “ಆಗ್ಲಿ ಸರ್” ಎಂದಿತು. ಮೆಟ್ಟಿಲು ಹತ್ತುವಾಗ ಲೆಕ್ಕ ಹಾಕಿದ. ಪರೀಕ್ಷೆ ಹತ್ತಕ್ಕೆ, ಅಮ್ಮನದು ಹನ್ನೊಂದೂವರೆಗೆ. ಕೆಟ್ಟರೂ ಅಷ್ಟರೊಳಗೆ ಸರಿ ಮಾಡಬಹುದು. ಅವತ್ತೇ ಕೂತು ತಮ್ಮನ ಆರೋಗ್ಯ ವಿಚಾರಿಸಬಹುದಿತ್ತು. ವಿಚಾರಿಸಲಿಲ್ಲ. ನಲವತ್ತಮೂರು ತಿಂಗಳು ನೋಡದೆ ಬಿಟ್ಟದ್ದನ್ನು ಒಂದು ಮಧ್ಯಾಹ್ನ ನೋಡುವುದಕ್ಕೆ ಬೇಕಾದ ಧೈರ್ಯ ಅವನಲ್ಲಿ ಇರಲಿಲ್ಲ. ಬದಲಿಗೆ ಕೋಣೆ ಗುಡಿಸಿ, ಚೀಟಿಗಳನ್ನು ಹೊಸದಾಗಿ ಬರೆದು ಅಂಟಿಸಿದ.

ಗುರುವಾರ ಹತ್ತಕ್ಕೆ ಹತ್ತು ನಿಮಿಷವಿದೆ ಅನ್ನುವಾಗ ಥಿಯೇಟರಿನ ಸಿಸ್ಟರ್ ಫೋನು ಮಾಡಿದರು. “ಮೊದಲನೇ ಪೇಷಂಟಿಗೆ ಜ್ವರ ಅಂತೆ, ಬರ್ಲಿಲ್ಲ. ನಿಮ್ಮಮ್ಮನ್ನೇ ಒಳಗೆ ತಗೊಂಡು ಶುರು ಮಾಡಿದ್ದೀವಿ. ಬೇಗ ಮುಗಿದುಹೋಗುತ್ತೆ, ಖುಷಿನಾ?”

ಅವನು ಬಾಯಿ ತೆರೆಯುವಷ್ಟರಲ್ಲಿ ಬಾಗಿಲು ತೆರೆಯಿತು. ನಿರ್ದೇಶಕರು, ಅವರ ಹಿಂದೆ ತಪಾಸಣೆಯ ಮೇಡಂ. ಕಪ್ಪು ಚೀಲ, ಕೈಯಲ್ಲಿ ಸ್ಟಾಪ್‌ವಾಚ್, ಮುಖದಲ್ಲಿ ನಗುವಿಗೆ ಜಾಗವಿಲ್ಲ.

“ಶುರು ಮಾಡೋಣ್ವಾ?” ಎಂದರು ಮೇಡಂ.

“ಹನ್ನೊಂದಕ್ಕೆ ಮಾಡಿದ್ರೆ ಆಗಲ್ವಾ ಮೇಡಂ? ಈಗ ಕೆಳಗೆ ಆಪರೇಷನ್ ನಡೀತಿದೆ.”

“ಹನ್ನೊಂದಕ್ಕೆ ನಡೆಯಲ್ವಾ?”

“ನಡೆಯುತ್ತೆ.”

“ಮತ್ತೆ? ಯಂತ್ರ ಕೆಡೋದು ಆಪರೇಷನ್ ಇಲ್ಲದ ಹೊತ್ತು ನೋಡ್ಕೊಂಡಾ?”

ಅದಕ್ಕೆ ಎದುರು ಹೇಳಲು ಇದ್ದದ್ದು ಒಂದೇ ಮಾತು, ‘ಒಂದು ಸಲವೂ ಕಿತ್ತಿಲ್ಲ, ಕೆಳಗೆ ಮಲಗಿರುವುದು ನನ್ನಮ್ಮ’ ಎನ್ನುವುದು. ಅದು ಗಂಟಲವರೆಗೆ ಬಂತು. ನಿರ್ದೇಶಕರು ಅವನ ಬೆನ್ನು ತಟ್ಟಿ, “ನಾಚಿಕೆ ಸ್ವಭಾವ ಇವನದು” ಎಂದು ನಕ್ಕರು. ಮಾತು ಬಂದ ದಾರಿಯಲ್ಲೇ ವಾಪಸು ಹೋಯಿತು. ಸರ್ವರಪ್ಪ ಬಗ್ಗಿ ಅಣ್ಣನ ಪ್ಲಗ್ ಕಿತ್ತ. ಹೇಡಿತನಕ್ಕೆ ಬೇರೆ ಹೆಸರು ಕೊಡುವುದು ಬೇಡ. ಅದು ಹೇಡಿತನವೇ.

ಅಣ್ಣನ ದೀಪ ಆರಿತು. ಫ್ಯಾನು ಉಸ್ಸೆಂದು ನಿಂತಿತು. ಒಂದು, ಎರಡು, ಮೂರು. ಮೇಡಂ ಸ್ಟಾಪ್‌ವಾಚ್ ಹಿಡಿದಿದ್ದರು. ಏಳು, ಎಂಟು. ಸರ್ವರಪ್ಪ ಉಸಿರು ಹಿಡಿದಿದ್ದ. ಹನ್ನೊಂದನೇ ಕ್ಷಣಕ್ಕೆ ತಮ್ಮನ ದೀಪ ಹಳದಿಯಿಂದ ಹಸಿರಿಗೆ ತಿರುಗಿತು. ಪರದೆಯ ಮೇಲೆ ಫೋಲ್ಡರುಗಳು ಸಾಲಾಗಿ ತೆರೆದುಕೊಂಡವು.

“ಹನ್ನೊಂದು ಸೆಕೆಂಡ್,” ಎಂದು ಬರೆದುಕೊಂಡರು ಮೇಡಂ. “ಚೆನ್ನಾಗಿದೆ.”

ನಿರ್ದೇಶಕರು ಚಪ್ಪಾಳೆ ತಟ್ಟಿದರು. ನಲವತ್ತಮೂರು ಸುಳ್ಳನ್ನೂ ಈ ಒಂದು ನಿಜ ತೊಳೆದುಬಿಟ್ಟಿತೆಂದು ಸರ್ವರಪ್ಪನಿಗೆ ಅನ್ನಿಸಿತು. ಸ್ವಲ್ಪ ಹೆಮ್ಮೆಯೂ ಆಯಿತು, ಸುಳ್ಳೇಕೆ ಹೇಳಲಿ. ತಾನು ಕಟ್ಟಿದ್ದು ಕಡೆಗೂ ನಿಂತಿತಲ್ಲ ಎಂದುಕೊಂಡ.

ಆಗ ಗೋಡೆಯ ಫೋನು ಹೊಡೆದುಕೊಂಡಿತು. ಥಿಯೇಟರಿನ ಸಿಸ್ಟರೇ.

“ಒಂದ್ನಿಮಿಷ ಸ್ಕ್ರೀನ್ ಹೋಗಿತ್ತು, ಬಂತು. ಪೊರೆ ತೆಗೆದಾಗಿದೆ, ಲೆನ್ಸ್ ಹಾಕ್ಬೇಕು. ನಾನು ಸ್ಕ್ರೀನ್ ನೋಡಿ ಇಪ್ಪತ್ತಮೂರು ಅಂತ ಓದಿದ್ರೆ ನಿಮ್ಮಮ್ಮ ಬಟ್ಟೆ ಕೆಳಗಿಂದಲೇ ಜಗಳ ತೆಗೆದಿದ್ದಾರೆ. ಅದು ಹಳೇದು, ನನ್ನದು ಹತ್ತೊಂಬತ್ತೂವರೆ ಅಂತ. ಪೇಷಂಟ್ ಹೇಳಿದ್ದನ್ನ ಕೇಳಿ ಲೆನ್ಸ್ ಹಾಕೋಕಾಗುತ್ತಾ? ಕಂಪ್ಯೂಟರ್ ಸರಿಯಿದೆ ಅಂತ ನೀವೊಂದ್ಮಾತು ಹೇಳ್ಬಿಡಿ, ಡಾಕ್ಟರ್ ಕಾಯ್ತಿದ್ದಾರೆ.”

ಕೋಣೆಯಲ್ಲಿ ನಿರ್ದೇಶಕರು ಇನ್ನೂ ನಗುತ್ತಿದ್ದರು. ಮೇಡಂ ಪೆನ್ನಿನ ತುದಿಯನ್ನು ‘ತೃಪ್ತಿಕರ’ ಎಂಬ ಜಾಗದ ಮೇಲೆ ಊರಿ ನಿಂತಿದ್ದರು. ಸರ್ವರಪ್ಪ ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಇಟ್ಟುಕೊಂಡು ತಮ್ಮನ ಫೋಲ್ಡರ್ ತೆರೆದು ಕಡೆಯ ಕಡತದ ತಾರೀಕು ನೋಡಿದ. ಮೂರು ವಾರ ಹಳೆಯದು. ಅದರಿಂದೀಚೆಗೆ ಒಂದೇ ಒಂದು ಕಣ್ಣು ಒಳಗೆ ಬಂದಿಲ್ಲ. ಪಕ್ಕದಲ್ಲೇ ‘ಅಮ್ಮನ ಕಥೆ’ ಹೊಟ್ಟೆ ಬಿರಿಯುವಂತೆ ಕೂತಿತ್ತು. ಕೆಳಗೆ ಕೆಂಪಕ್ಷರದಲ್ಲಿ ‘ಜಾಗವಿಲ್ಲ’.

ಅವನಿಗೆ ಎಲ್ಲ ಒಟ್ಟಿಗೆ ಅರ್ಥವಾಯಿತು. ಅಮ್ಮನಿಗೆ ಇರುವುದು ಒಂದೇ ಕಣ್ಣು. ಅದು ಕೆಟ್ಟರೆ ಕೆಲಸ ಎತ್ತಿಕೊಳ್ಳಲು ಪಕ್ಕದಲ್ಲಿ ತಮ್ಮ ಇಲ್ಲ. ‘ಸರಿಯಿದೆ’ ಎಂದರೆ ಅವಳ ಆ ಒಂದು ಕಣ್ಣಿಗೆ ಬೇರೆ ಯಾವುದೋ ನಂಬರು ಹೋಗಿ ಕೂರುತ್ತದೆ. ‘ಸರಿಯಿಲ್ಲ’ ಎಂದರೆ ಇಲ್ಲಿ ಇವನ ಕಥೆ ಮುಗಿಯುತ್ತದೆ. ಇಷ್ಟು ಹೊತ್ತೂ ಹಿಂದಕ್ಕೆ ಹೋಗುತ್ತಿದ್ದ ಮಾತು ಈ ಸಲ ಹೊರಗೆ ಬಂತು, ಅದೂ ಜೋರಾಗಿ.

“ಹಾಕ್ಬೇಡಿ! ಸ್ಕ್ರೀನ್ ಮೇಲಿರೋದು ಸುಳ್ಳು. ಅಮ್ಮ ಹೇಳಿದ್ದೇ ಸರಿ. ಯಾವ ಲೆನ್ಸೂ ಹಾಕ್ಬೇಡಿ, ನಾನು ಹೇಳೋವರೆಗೆ ಕೈ ಹಚ್ಚಬೇಡಿ. ಏಳು ನಿಮಿಷ ಕೊಡಿ.”

ನಿರ್ದೇಶಕರ ಚಪ್ಪಾಳೆ ಅರ್ಧಕ್ಕೇ ನಿಂತಿತು.

ಸರ್ವರಪ್ಪ ಅಣ್ಣನ ಪ್ಲಗ್ಗನ್ನು ಗೋಡೆಗೆ ತೂರಿಸಲು ಹೋದವನು ಗಕ್ಕನೆ ನಿಂತ. ಈಗ ಅಣ್ಣ ಎದ್ದರೆ ತಮ್ಮ, ‘ಯಜಮಾನ ನಾನು, ನನ್ನ ಹತ್ತಿರ ಇರುವುದೇ ಸರಿ’ ಎಂದು ತನ್ನ ಹಳೆಯದನ್ನೆಲ್ಲ ಅಣ್ಣನ ಮೇಲೆ ಬರೆದುಬಿಡುತ್ತಾನೆ. ಹತ್ತೊಂಬತ್ತೂವರೆ ಎನ್ನುವುದು ಆಗ ಎಲ್ಲಿಯೂ ಇರುವುದಿಲ್ಲ, ಮೂರು ವಾರದಲ್ಲಿ ಬಂದ ಅಷ್ಟೂ ಜನರ ಕಣ್ಣು ಅದರ ಜೊತೆಗೇ ಹೋಗುತ್ತದೆ. ಅವನು ತಮ್ಮನ ಹಿಂದಕ್ಕೆ ಕೈ ಹಾಕಿ ವಯರುಗಳನ್ನು ಒಂದೊಂದಾಗಿ ಕಿತ್ತ. ಮೂರೂ ವಯರು ಕೈಗೆ ಬಂದ ಮೇಲೆ ಅಣ್ಣನಿಗೆ ಕರೆಂಟು ಕೊಟ್ಟ. ಅಣ್ಣ ಆಕಳಿಸುತ್ತ, ಮೈಮುರಿಯುತ್ತ ಏಳತೊಡಗಿದ. ಅವನು ಪೂರ್ತಿ ಏಳಲು ಏಳು ನಿಮಿಷ ಬೇಕು, ಯಾರು ಬಡಿದುಕೊಂಡರೂ ಆರಾಗುವುದಿಲ್ಲ.

“ಕೆಳಗೆ ಯಾರು?” ಎಂದು ಮೇಡಂ ಕೇಳಿದರು.

“ನಮ್ಮಮ್ಮ.”

“ನಲವತ್ತಮೂರು ಸಲ ಪರೀಕ್ಷೆ ಮಾಡಿದಾಗ ಇದು ಗೊತ್ತಾಗ್ಲಿಲ್ವಾ?”

“ಒಂದು ಸಲಾನೂ ಮಾಡಿಲ್ಲ ಮೇಡಂ. ನಲವತ್ತಮೂರೂ ಸುಳ್ಳು. ಕ್ಯಾಂಟೀನಲ್ಲಿ ಕೂತು ಬರೆದಿದ್ದು.”

ಮೇಡಂ ಪೆನ್ನಿನ ಮುಚ್ಚಳ ಹಾಕಿದರು. ಸ್ಟಾಪ್‌ವಾಚನ್ನು ಸೊನ್ನೆಗೆ ತಂದು ಮತ್ತೆ ಒತ್ತಿ, ಅಣ್ಣನ ಪರದೆಯನ್ನೇ ನೋಡುತ್ತ ನಿಂತರು. ಸರ್ವರಪ್ಪ ಸ್ವೆಟರಿನ ತೋಳಿನಿಂದ ಕಣ್ಣು ಒರೆಸಿಕೊಂಡ. ಆ ಏಳು ನಿಮಿಷದಲ್ಲಿ ಅವನಿಗೆ ಆದ ನಾಚಿಕೆ ನಲವತ್ತಮೂರು ತಿಂಗಳಿಗೆ ಹಂಚಿದರೂ ಮಿಗುವಷ್ಟಿತ್ತು.

ಕೆಳಗೆ ದೊಡ್ಡ ಡಾಕ್ಟರಮ್ಮ ತಾಯಿಗೆ, “ಅಮ್ಮಾ, ಇನ್ನು ಏಳು ನಿಮಿಷ ಮಾತಾಡ್ಬಾರ್ದು, ಅಲುಗಾಡ್ಬಾರ್ದು” ಎಂದಿದ್ದರಂತೆ. ಹುಟ್ಟಿದಂದಿನಿಂದ ಏಳು ನಿಮಿಷ ಒಟ್ಟಿಗೆ ಸುಮ್ಮನಿರದ ಹೆಂಗಸು ಅವತ್ತು ಕಲ್ಲಿನ ಹಾಗೆ ಮಲಗಿದ್ದಳು. ಸಿಸ್ಟರ್ ಆಮೇಲೆ ಇದನ್ನು ಆಸ್ಪತ್ರೆಯಲ್ಲೆಲ್ಲ ಹೇಳಿಕೊಂಡು ತಿರುಗಿದರು.

ಅಣ್ಣ ಎದ್ದ. ಸರ್ವರಪ್ಪ ತಾಯಿಯ ಕಡತ ತೆರೆದು, ಮೊದಲು ತಾರೀಕು ನೋಡಿ, ಆಮೇಲೆ ನಂಬರು ನೋಡಿ, ಫೋನಿನಲ್ಲಿ ಹೇಳಿದ. “ಹತ್ತು ದಿನದ ಹಿಂದಿನದು. ಹತ್ತೊಂಬತ್ತೂವರೆ. ನೀವೂ ತಾರೀಕು ನೋಡಿ ಸಿಸ್ಟರ್.” ಅತ್ತ ಕಡೆಯಿಂದ ಲೆನ್ಸಿನ ಪೊಟ್ಟಣ ಹರಿಯುವ ಸದ್ದು ಕೇಳಿಸಿತು.

ಪ್ರಮಾಣಪತ್ರ ಬರಲಿಲ್ಲ. ಮೂರು ತಿಂಗಳು ಬಿಟ್ಟು ಮತ್ತೆ ನೋಡುತ್ತೇವೆ ಎಂದು ಮೇಡಂ ಬರೆದು ಹೋದರು. ಸರ್ವರಪ್ಪನಿಗೆ ಎರಡು ಪುಟದ ಮೆಮೊ ಸಿಕ್ಕಿತು. ಕೆಲಸದಿಂದ ತೆಗೆಯಬೇಕೆಂದು ನಿರ್ದೇಶಕರಿಗೆ ಮನಸ್ಸಿತ್ತು, ಆದರೆ ಯಾವ ವಯರು ಎಲ್ಲಿಗೆ ಹೋಗುತ್ತದೆಂದು ಬೇರೆ ಯಾರಿಗೂ ಗೊತ್ತಿರಲಿಲ್ಲ. ಅವನು ಉಳಿದುಕೊಂಡದ್ದು ಯೋಗ್ಯತೆಯಿಂದಲ್ಲ, ಅದು ಅವನಿಗೂ ಗೊತ್ತಿತ್ತು. ಆ ವಾರವೇ ‘ಅಮ್ಮನ ಕಥೆ’ಯನ್ನು ಮನೆಗೆ ಸಾಗಿಸಿ ತಮ್ಮನ ಹೊಟ್ಟೆ ಖಾಲಿ ಮಾಡಿ, ವಯರು ಜೋಡಿಸಿ ಅಣ್ಣನಿಂದ ಹೊಸದಾಗಿ ನಕಲು ತುಂಬಿಸಿದ. ‘ವಹಿಸಿಕೋ’ ಎಂಬಲ್ಲಿಯ ಟಿಕ್ ತೆಗೆದ. ‘ಆಮೇಲೆ ನೋಡೋಣ’ ತೆರೆದು ಮೂರು ವಾರದ ಎಂಟುನೂರು ಚಿಲ್ಲರೆ ಮೇಲ್‌ಗಳನ್ನೂ ಕೂತು ಓದಿದ. ಎಲ್ಲದರಲ್ಲೂ ಬರೆದಿದ್ದದ್ದು ಒಂದೇ ಮಾತು.

ತಾಯಿಗೆ ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದ. ಅವಳು ಕಪ್ಪು ಕನ್ನಡಕದೊಳಗಿಂದ ಅವನನ್ನೇ ನೋಡುತ್ತ ಕೇಳಿಸಿಕೊಂಡಳು.

“ನನ್ನ ಕಥೆಗಳೇ ನನ್ನ ಕಣ್ಣಿಗೆ ಮುಳುವಾಗ್ತಿದ್ವಾ! ಅದೂ ಆ ಅರವತ್ತು ಗಂಟೆ ದರಿದ್ರ ಕಾದಂಬರಿ. ನಾನು ಹೇಳಿರ್ಲಿಲ್ವಾ ಬೇಡ ಅಂತ?” ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗು ನಿಂತ ಮೇಲೆ, “ಮುಂದಿನ ಪರೀಕ್ಷೆ ಯಾವತ್ತು?” ಎಂದು ಕೇಳಿದಳು.

“ಒಂದನೇ ತಾರೀಕು.”

“ಸಾಕ್ಷಿ ನಾನು.”

ಒಂದನೇ ತಾರೀಕು ಬೆಳಿಗ್ಗೆ ತಾಯಿ ಮಗನ ಇನ್ನೊಂದು ಸ್ವೆಟರ್ ಹಾಕಿಕೊಂಡು ಮೂರನೇ ಮಹಡಿಯ ಕೋಣೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಳು. ಸರ್ವರಪ್ಪ ಇಳಿದು ಬರಲಿಲ್ಲವೆಂದು ತಾನೇ ಚಹಾ ಹಿಡಿದು ಸಹಿ ಹಾಕಲು ಬಂದ ಕ್ಯಾಂಟೀನಿನವನನ್ನು, “ಚಹಾ ಇಟ್ಟು ಹೋಗಪ್ಪ, ನಿನ್ನ ಕೆಲಸ ಹೋಯ್ತು” ಎಂದು ಕಳಿಸಿದಳು. ಸರ್ವರಪ್ಪ ಕೆಳಗಿನವರಿಗೆಲ್ಲ ಮೊದಲೇ ಫೋನು ಮಾಡಿ ತಿಳಿಸಿದ. ಬಗ್ಗಿ ಪ್ಲಗ್ ಕಿತ್ತ. ಹನ್ನೆರಡು ಎಣಿಸುವಷ್ಟರಲ್ಲಿ ತಮ್ಮ ಹಸಿರಾದ.

“ಕೇಳಿಸ್ತಿದೆಯಾ?” ಎಂದಳು ತಾಯಿ.

“ಕೇಳಿಸ್ತಿದೆ.”

“ಬೇಕಾದವರೇನಾ?”

ಅವನು ಅವಳದೇ ಕಡತ ತೆರೆದು ಪರದೆಯನ್ನು ಅವಳ ಕಡೆ ತಿರುಗಿಸಿದ. ಅವಳು ಕಪ್ಪು ಕನ್ನಡಕ ತೆಗೆದು, ಮುಂದಕ್ಕೆ ಬಾಗಿ, ಯಾರ ಸಹಾಯವೂ ಇಲ್ಲದೆ ತಾರೀಕು ಓದಿದಳು. ನಿನ್ನೆ ಸಂಜೆ ಕಣ್ಣು ತೋರಿಸಿಕೊಂಡು ಹೋದದ್ದು ಅಲ್ಲಿತ್ತು. ಕೆಳಗಿನ ನಂಬರನ್ನೂ ಓದಿದಳು. ಸರಿಯಿತ್ತು.

“ಕೊಡು ಫಾರಂ. ಹಳೇದನ್ನೂ ಕೊಡು.”

“ಹಳೇದು ಯಾಕಮ್ಮ?”

“ಎರಡು ವರ್ಷದಿಂದ ಒಂದಕ್ಷರ ಓದಿಲ್ಲ. ಎಲ್ಲಿಂದ ಶುರು ಮಾಡಿದ್ರೇನು, ಕೊಡು.”

ಅವನು ಕಟ್ಟನ್ನು ತಂದು ತೊಡೆಯ ಮೇಲೆ ಇಟ್ಟ. ಹೊಸ ಕಣ್ಣಿನಲ್ಲಿ ಅವಳು ಓದಿದ ಮೊದಲ ಕೈಬರಹ ಮಗನದೇ ಆಯಿತು. ಒಂದೊಂದು ಹಾಳೆ ಎತ್ತಿ, ತಾರೀಕು ಗಟ್ಟಿಯಾಗಿ ಓದಿ, “ಇದು?” ಅನ್ನುತ್ತಿದ್ದಳು. ಅವನು “ಸುಳ್ಳು” ಅನ್ನುತ್ತಿದ್ದ. ಹಾಳೆ ಕೆಳಗೆ ಇಟ್ಟು ಇನ್ನೊಂದು ಎತ್ತುತ್ತಿದ್ದಳು. “ಇದು?” “ಸುಳ್ಳು.” ಹತ್ತನೆಯದಕ್ಕೆ ಅವನ ದನಿ ಇಳಿಯಿತು. ಇಪ್ಪತ್ತನೆಯದಕ್ಕೆ, “ಸಾಕಮ್ಮ” ಎಂದ. ಅವಳು ನಿಲ್ಲಿಸಲಿಲ್ಲ. ನಲವತ್ತಮೂರೂ ಮುಗಿಯುವ ಹೊತ್ತಿಗೆ ಚಹಾ ಆರಿ ಕೆನೆ ಕಟ್ಟಿತ್ತು. ಅವಳು ಇವತ್ತಿನ ಹಾಳೆ ಎತ್ತಿದಳು.

“ಇದು?”

“ನಿಜ ಕಣಮ್ಮ.”

ತಾಯಿ ಪೆನ್ನು ತೆಗೆದುಕೊಂಡು ಸಾಕ್ಷಿ ಎಂಬಲ್ಲಿ ಸಹಿ ಹಾಕಿದಳು. ಎರಡು ವರ್ಷ ಬರೆಯದ ಕೈ, ಅಕ್ಷರಗಳು ಚೌಕ ದಾಟಿ ಮಗನ ಸಹಿಯ ಮೇಲೂ ಹರಿದವು.